ಕೈಕಟ್ಟಿ ಕುಳಿತು ಕಲಿಯುವ ವಿಜ್ಞಾನ

ಏಪ್ರಿಲ್ ತಿಂಗಳು ಬಂತೆಂದರೆ ಹಾವೇರಿ, ರಾಣೆಬೆನ್ನೂರು ಪೇಟೆಗಳ ಗೋಡೆಗಳ ಮೇಲೆ ಬೇಸಿಗೆ ಶಿಬಿರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಹಿಂದೆಲ್ಲ ಅವುಗಳಲ್ಲಿ ಚಿತ್ರಕಲೆ, ಸಂಗೀತ, ನಾಟಕ ಎಂದಿರುತ್ತಿತ್ತು. ಈಚಿನ ವರ್ಷಗಳಲ್ಲಿ ರೋಬೋಟಿಕ್ಸ್, ಕೋಡಿಂಗ್, ಸ್ಟೆಮ್ ಎಂಬ ಹೆಸರುಗಳೂ ಸೇರಿಕೊಂಡಿವೆ. ಸ್ಟೆಮ್ ಎಂದರೆ ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತ ಎಂಬ ನಾಲ್ಕು ವಿಷಯಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಶಬ್ದ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ತಾಯಿತಂದೆಯರಾಗಿರುವ ಹಲವರು ಫೋನ್ ಮಾಡಿ, "ಸರ್, ಮಗಳನ್ನು ಇಂಥ ಶಿಬಿರಕ್ಕೆ ಕಳಿಸಲೋ ಬೇಡವೋ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿಯೇ ಬರೆದಿಡುವುದು ಒಳ್ಳೆಯದೆಂದು ತೋರಿತು.

ಕಳಿಸಿ ಎಂಬುದೇ ನನ್ನ ಉತ್ತರ. ಆದರೆ ಕಳಿಸುವ ಮೊದಲು ಒಂದು ಮಾತನ್ನು ಕೇಳಿ ತಿಳಿದುಕೊಳ್ಳಿ: ಅಲ್ಲಿ ಮಗು ತನ್ನ ಕೈಯಿಂದ ಮಾಡಿ, ಕೆಡಿಸಿ, ಮತ್ತೆ ಮಾಡಿ ನೋಡುವುದಕ್ಕೆ ಅವಕಾಶವಿದೆಯೇ? ಇನ್ನೊಂದು ಮಾತನ್ನು ನಾವೆಲ್ಲ ಸೇರಿ ಕೇಳಿಕೊಳ್ಳಬೇಕಾಗಿದೆ: ಶುಲ್ಕ ಕೊಡಲಾಗದವರ ಮಕ್ಕಳಿಗೆ ಇಂಥ ಶಿಬಿರ ಏಕೆ ಇಲ್ಲ? ಈ ಎರಡನೆಯ ಪ್ರಶ್ನೆಗಾಗಿಯೇ ಈ ಲೇಖನ.

ನಮ್ಮ ಶಾಲೆಗಳಲ್ಲಿ ಶಿಸ್ತಿನ ಮೊದಲ ಆಜ್ಞೆ "ಕೈ ಕಟ್ಟು, ಬಾಯಿ ಮುಚ್ಚು" ಎಂಬುದು. ಒಂದನೆಯ ತರಗತಿಯಲ್ಲಿ ಕಟ್ಟಿದ ಕೈ ಹತ್ತನೆಯ ತರಗತಿಯವರೆಗೂ ಬರೆಯುವುದಕ್ಕಷ್ಟೇ ಬಿಚ್ಚಿಕೊಳ್ಳುತ್ತದೆ. ಪರೀಕ್ಷೆಯಲ್ಲಿ "ವಿದ್ಯುತ್ ಮೋಟಾರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂದು ಕೇಳಿದರೆ ವಿದ್ಯಾರ್ಥಿ ಅಚ್ಚುಕಟ್ಟಾಗಿ ಬರೆದು ಪೂರ್ಣ ಅಂಕ ಪಡೆಯುತ್ತಾನೆ. ಆತ ಅಂಥ ಮೋಟಾರನ್ನು ಮುಟ್ಟಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ.

ಅದೇ ಮೋಟಾರನ್ನು ಒಂದು ಬ್ಯಾಟರಿ ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಸಣ್ಣ ಅಯಸ್ಕಾಂತ ಮತ್ತು ಲೇಪವುಳ್ಳ ತಾಮ್ರದ ತಂತಿಯ ತುಂಡಿನಿಂದ ಮಾಡಬಹುದು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಜೀವನದ ಕೆಲಸವನ್ನಾಗಿ ಮಾಡಿಕೊಂಡ ಅರವಿಂದ ಗುಪ್ತ ಅವರು ದೇಶದ ಮಕ್ಕಳಿಗೆ ಕಲಿಸಿಕೊಟ್ಟ ಆಟಿಕೆಗಳಲ್ಲಿ ಇದೂ ಒಂದು. ಅವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ತಂತಿಯನ್ನು ಸುರುಳಿ ಸುತ್ತಿ, ಒಂದು ತುದಿಯ ಲೇಪವನ್ನು ಪೂರ್ತಿ, ಇನ್ನೊಂದು ತುದಿಯದನ್ನು ಅರ್ಧ ಸುತ್ತು ಮಾತ್ರ ಕೆರೆಯಬೇಕು. ಮಕ್ಕಳು ಸಾಮಾನ್ಯವಾಗಿ ಉತ್ಸಾಹದಿಂದ ಎರಡನ್ನೂ ಪೂರ್ತಿ ಕೆರೆದುಬಿಡುತ್ತಾರೆ. ಆಗ ಸುರುಳಿ ಅತ್ತಿತ್ತ ಅಲುಗಿ ನಿಂತುಬಿಡುತ್ತದೆ. ಏಕೆ ನಿಂತಿತು ಎಂಬ ಪ್ರಶ್ನೆ ಹುಟ್ಟುವುದು ಆಗಲೇ. ಸುರುಳಿ ಅರ್ಧ ಸುತ್ತು ತಿರುಗಿದ ಮೇಲೆ ಬಲವು ಅದನ್ನು ಹಿಂದಕ್ಕೆ ಎಳೆಯತೊಡಗುತ್ತದೆ, ಅಷ್ಟು ಹೊತ್ತು ವಿದ್ಯುತ್ ಹರಿಯದಂತೆ ತಡೆಯಬೇಕು ಎಂಬುದು ಮಗುವಿಗೆ ಹೊಳೆದ ದಿನ, ಪಠ್ಯಪುಸ್ತಕದಲ್ಲಿರುವ 'ದಿಕ್ಪರಿವರ್ತಕ' ಎಂಬ ಕಠಿಣ ಪದಕ್ಕೆ ಅರ್ಥ ಬರುತ್ತದೆ. ಸರಿಯಾಗಿ ತಿರುಗಿದ ಮೋಟಾರಿಗಿಂತ ನಿಂತುಹೋದ ಮೋಟಾರೇ ಹೆಚ್ಚು ಕಲಿಸುತ್ತದೆ.

ಪೇಟೆಯ ದುಬಾರಿ ಶಿಬಿರಗಳ ಬಗ್ಗೆ ನನಗಿರುವ ಆಕ್ಷೇಪವೂ ಇಲ್ಲಿಯೇ ಇದೆ. ಪೆಟ್ಟಿಗೆಯೊಳಗಿನ ಬಿಡಿಭಾಗಗಳನ್ನು ಸೂಚನೆಯ ಪುಸ್ತಕದಂತೆ ಜೋಡಿಸಿದರೆ ರೋಬೋಟು ನಡೆಯಲೇಬೇಕು, ನಡೆಯುತ್ತದೆ. ತಂದೆತಾಯಿ ಚಿತ್ರ ತೆಗೆದುಕೊಳ್ಳುತ್ತಾರೆ. ಪೆಟ್ಟಿಗೆ ಮತ್ತೆ ಸಂಘಟಕರ ಕಪಾಟು ಸೇರುತ್ತದೆ. ಮಗುವಿನ ಕೈ ಆಡಿತೇ ಹೊರತು ತಲೆಗೆ ಒಂದು ಪ್ರಶ್ನೆಯೂ ಹೊಕ್ಕಲಿಲ್ಲ. ಸಲಕರಣೆಗಳು ಬೇಡವೆಂದು ನಾನು ಹೇಳುತ್ತಿಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆಯುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಯಾವ ಪ್ರಯೋಗಾಲಯಕ್ಕೂ ಬೇಸಿಗೆಯ ಆರೇಳು ವಾರ ಬೀಗ ಬಿದ್ದಿದ್ದರೆ ಅದರಿಂದ ಮಕ್ಕಳಿಗೇನು ಬಂತು?

ಸಲಕರಣೆಯಿಲ್ಲದ ಶಾಲೆಯಲ್ಲಿ ಏನು ಮಾಡಬಹುದೆಂದು ಕೇಳುವವರಿಗೆ ನಮ್ಮ ಜಿಲ್ಲೆಯ ಮೂರು ಊರುಗಳಿಂದಲೇ ಮೂರು ಪಾಠಗಳನ್ನು ತೋರಿಸಬಲ್ಲೆ.

ಮೊದಲನೆಯದು ಬ್ಯಾಡಗಿ. 2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸಾರ ಆಹಾರ ಪದಾರ್ಥಗಳಿಗೂ ಸೌಂದರ್ಯ ಸಾಧನಗಳಿಗೂ ಬಣ್ಣ ಕೊಡುತ್ತದೆ. ಒಂದು ಚಮಚ ಮೆಣಸಿನ ಪುಡಿಯನ್ನು ನೀರಿಗೆ, ಇನ್ನೊಂದು ಚಮಚವನ್ನು ಎಣ್ಣೆಗೆ ಹಾಕಿ ಒಂದು ರಾತ್ರಿ ಬಿಟ್ಟು ನೋಡಿ. ನೀರಿನ ಪುಡಿ ತಳಕ್ಕಿಳಿದು ಮೇಲೆ ತೆಳುವಾದ ಬಣ್ಣವಷ್ಟೇ ಉಳಿಯುತ್ತದೆ. ಎಣ್ಣೆ ಮಾತ್ರ ಕಡುಗೆಂಪಾಗುತ್ತದೆ. ಈ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಗೆ ಎಣ್ಣೆ ಮೊದಲು, ಮೆಣಸಿನಕಾಯಿ ಆಮೇಲೆ ಎಂಬುದು ನಮ್ಮ ತಾಯಂದಿರಿಗೆ ತಿಳಿದಿತ್ತು. ಹಾಗೇಕೆಂದು ಕೇಳುವುದು ಶಿಬಿರದ ಕೆಲಸ. ಕಾಯಿಯನ್ನು ಸೀಳಿದರೆ, ಖಾರ ಹೆಚ್ಚಾಗಿರುವುದು ಜನ ತಿಳಿದಂತೆ ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಎಂಬುದೂ ಗೊತ್ತಾಗುತ್ತದೆ. ಕೈ ತೊಳೆಯದೆ ಕಣ್ಣು ಮುಟ್ಟಬಾರದೆಂಬ ಎಚ್ಚರಿಕೆಯನ್ನು ಬ್ಯಾಡಗಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ!

ಎರಡನೆಯದು ರಾಣೆಬೆನ್ನೂರು. ಬೀಜದ ವ್ಯಾಪಾರಕ್ಕೆ ಹೆಸರಾದ ಊರು. 1972ರಲ್ಲಿ ಧಾರವಾಡದ ಸಂಶೋಧಕರಿಂದ ಹೊರಬಂದ 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿ ಈ ಭಾಗದ ರೈತರಿಗೆ ಹೊಸ ಕಸುಬನ್ನೇ ಕಲಿಸಿತು. ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಸೋಂಕಿಸುವ ಕಸುಬು ಅದು. ಬೇಸಿಗೆಯಲ್ಲಿ ಹತ್ತಿಯ ಹೂ ಸಿಗದಿರಬಹುದು. ಅದೇ ಕುಟುಂಬದ ಬೆಂಡೆ ಸಿಗುತ್ತದೆ. ಹತ್ತು ಬೆಂಡೆ ಮೊಗ್ಗುಗಳ ಕೇಸರ ತೆಗೆದು ಕಾಗದದ ಚೀಲ ಕಟ್ಟಿ, ಬೆಳಿಗ್ಗೆ ಐದಕ್ಕೆ ಮಾತ್ರ ಪರಾಗ ಸೋಂಕಿಸಿ, ಮತ್ತೆ ಚೀಲ ಕಟ್ಟಿ. ಪರಾಗ ಬಿದ್ದವು ಒಂದು ವಾರದೊಳಗೆ ಕಾಯಿಯಾಗುತ್ತವೆ, ಉಳಿದವು ಬಾಡಿ ಉದುರುತ್ತವೆ. ಹತ್ತು ದಿನದ ಶಿಬಿರಕ್ಕೆ ಇದಕ್ಕಿಂತ ಸರಿಹೊಂದುವ ಪ್ರಯೋಗ ನನಗೆ ತಿಳಿಯದು. ಪರಾಗಸ್ಪರ್ಶದ ಪಾಠ ಮಾತ್ರವಲ್ಲ, ಹೋಲಿಸಿ ನೋಡದೆ ಯಾವುದನ್ನೂ ನಂಬಬಾರದೆಂಬ ಪಾಠವೂ ಅದರಲ್ಲಿದೆ.

ಮೂರನೆಯದು ಹಾವೇರಿ. ಇಲ್ಲಿ ಬೇಕಾಗಿರುವುದು ಒಂದು ಕೋಲು ಮತ್ತು ಬಿಸಿಲು, ಎರಡಕ್ಕೂ ನಮ್ಮಲ್ಲಿ ಬರವಿಲ್ಲ. ಹಾವೇರಿ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಏಪ್ರಿಲ್ 30ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿನ ನೆರಳು ಕಾಣದಂತಾಗುತ್ತದೆ. ಇದನ್ನು ಶೂನ್ಯ ನೆರಳಿನ ದಿನವೆನ್ನುತ್ತಾರೆ. ಮತ್ತೊಮ್ಮೆ ಬರುವುದು ಆಗಸ್ಟ್ 12ರ ಸುಮಾರಿಗೆ, ಆಗ ಮೋಡದ ಕಾಟ. ಅಂದರೆ ಪ್ರಕೃತಿಯೇ ಈ ಪಾಠವನ್ನು ಬೇಸಿಗೆ ರಜೆಯಲ್ಲಿ ಇಟ್ಟಿದೆ. ನೆರಳು ಮಾಯವಾಗುವುದು ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತೈದರ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಸುಮಾರು 75.4 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ 28 ನಿಮಿಷ ಬರುತ್ತದೆ. ಉಳಿದ ಎರಡು ಮೂರು ನಿಮಿಷಗಳ ವ್ಯತ್ಯಾಸ ಎಲ್ಲಿಂದ ಬಂತೆಂದು ಜಾಣ ಮಗು ಕೇಳಿಯೇ ಕೇಳುತ್ತದೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ಓರೆಯಾಗಿದೆ ಎಂಬ ಪಾಠ ಅಲ್ಲಿಂದ ಶುರುವಾಗಲಿ.

ಅದೇ ದಿನ ದೆಹಲಿಯಲ್ಲಿರುವ ನನ್ನ ಯಾವನಾದರೂ ಹಳೆಯ ವಿದ್ಯಾರ್ಥಿ ಒಂದು ಮೀಟರ್ ಕೋಲು ನೆಟ್ಟು, ಅತಿ ಚಿಕ್ಕ ನೆರಳನ್ನು ಅಳೆದು ಫೋನಿನಲ್ಲಿ ತಿಳಿಸಿದರೆ ಅದು ಸುಮಾರು 25 ಸೆಂಟಿಮೀಟರ್ ಇರುತ್ತದೆ. ಕಾಗದದ ಮೇಲೆ ಆ ತ್ರಿಭುಜವನ್ನು ಬರೆದು ಕೋನ ಅಳೆದರೆ ಸುಮಾರು 14 ಡಿಗ್ರಿ. ಎರಡೂ ಊರುಗಳ ನಡುವಿನ ನೇರ ಅಂತರ ಸುಮಾರು 1,540 ಕಿಲೋಮೀಟರ್. 14 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? 39,600 ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಾಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವನ್ನು ಹಾವೇರಿಯ ಎಂಟನೆಯ ತರಗತಿಯ ಹುಡುಗಿ ಶಾಲೆಯ ಅಂಗಳದಲ್ಲಿ ನಿಂತು ಮಾಡಿದಂತಾಯಿತು.

1980ರ ಫೆಬ್ರುವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಬಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಹೊರದೇಶದ ವಿಜ್ಞಾನಿಗಳು ಅದನ್ನು ನೋಡಲೆಂದು ಸಾವಿರಾರು ಮೈಲಿ ಪ್ರಯಾಣ ಮಾಡಿ ಭಾರತಕ್ಕೆ ಬಂದರು. ನಮ್ಮ ಭಾಗದ ಅದೆಷ್ಟೋ ಮನೆಗಳಲ್ಲಿ ಹಿರಿಯರು ಬಾಗಿಲು ಕಿಟಕಿ ಹಾಕಿ ಮಕ್ಕಳನ್ನು ಒಳಗೆ ಕೂರಿಸಿದ್ದರು. ಆಕಾಶವೇ ಅಂಗಳಕ್ಕೆ ತಂದಿಟ್ಟ ಪಾಠವನ್ನು ಒಂದು ಪೀಳಿಗೆ ಹಾಗೆ ಕಳೆದುಕೊಂಡಿತು. ಸುರಕ್ಷಿತವಾಗಿ ನೋಡುವುದು ಹೇಗೆಂದು ಹೇಳಿಕೊಡುವವರು ಊರೂರಿಗೆ ಒಬ್ಬರಿದ್ದರೂ ಸಾಕಾಗಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಸರಿಯಾದ ಆಕ್ಷೇಪ. "ನಮ್ಮ ರೈತರ, ಕೂಲಿಕಾರರ ಮಕ್ಕಳು ಮೊದಲೇ ಕೈಕೆಲಸ ಮಾಡುವವರು. ಅವರಿಗೆ ಕೈಯಿಂದ ಕಲಿಸುವುದೇನಿದೆ?" ಮೆಣಸಿನಕಾಯಿಯ ಹಂಗಾಮಿನಲ್ಲಿ ತೊಟ್ಟು ಬಿಡಿಸಲು ಹೋಗುವ ತಾಯಿಯ ಜೊತೆ ಕುಳಿತ ಹುಡುಗಿಯ ಬೆರಳುಗಳು ಯಾವ ರೋಬೋಟಿಗೂ ಕಡಿಮೆಯಿಲ್ಲದಂತೆ ಚುರುಕಾಗಿರುತ್ತವೆ. ಆದರೆ ಆ ಕೆಲಸದಲ್ಲಿ ಆಕೆಗೆ ನಿಲ್ಲಿಸಿ "ಏಕೆ?" ಎಂದು ಕೇಳುವ ಬಿಡುವಿಲ್ಲ. ಕೂಲಿ ಸಿಗುವುದು ತೂಕಕ್ಕೆ, ಪ್ರಶ್ನೆಗಲ್ಲ. ಶಾಲೆಯಲ್ಲಿ ಕೈಯಿಲ್ಲದ ತಲೆ, ಕೆಲಸದಲ್ಲಿ ತಲೆಯಿಲ್ಲದ ಕೈ ಎಂದು ಮಗುವನ್ನು ಎರಡು ತುಂಡು ಮಾಡಿದ್ದೇವೆ. ಒಳ್ಳೆಯ ಶಿಬಿರ ಆ ಎರಡನ್ನೂ ಹತ್ತು ದಿನವಾದರೂ ಕೂಡಿಸುತ್ತದೆ. ಶುಲ್ಕ ಕೊಟ್ಟು ಬರುವ ಮಗುವಿಗಿಂತ ಈ ಹುಡುಗಿಗೇ ಅದು ಹೆಚ್ಚು ಅಗತ್ಯ.

ಇದು ಕನಸಿನ ಮಾತಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಗ್ರಾಮೀಣ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಪ್ರಯೋಗವನ್ನೇ ಪಾಠವನ್ನಾಗಿ ಮಾಡಿತು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ಬರೆಯಬಹುದಿತ್ತು, ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮೂವತ್ತು ವರ್ಷ ನಡೆದು, ನೂರಾರು ಶಾಲೆಗಳಿಗೆ ಹರಡಿದ ಅದನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ನಿಂತದ್ದು ದುಃಖದ ಸಂಗತಿ. ಆದರೆ ಸರ್ಕಾರಿ ಶಾಲೆಯ ಸಾಮಾನ್ಯ ಶಿಕ್ಷಕರು ಅಲ್ಪ ಖರ್ಚಿನಲ್ಲಿ ಇದನ್ನು ಮಾಡಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿತು. ನಮ್ಮ ಕಡೆ ಧಾರವಾಡದಲ್ಲಿ 2012ರಿಂದ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಹಳ್ಳಿಶಾಲೆಗಳಿಗೆ ಹೋಗುತ್ತವೆ. ಇವೆಲ್ಲ ಬೇಕು. ಆದರೆ ವರ್ಷಕ್ಕೊಮ್ಮೆ ನೋಡಿಬರುವುದು ಬೇರೆ, ಹತ್ತು ದಿನ ಒಂದೇ ಪ್ರಶ್ನೆಯ ಬೆನ್ನು ಹತ್ತುವುದು ಬೇರೆ.

ರಜೆಯಲ್ಲಿ ಶಾಲೆ ತೆರೆಯುವುದು ಹೇಗೆ, ಮಕ್ಕಳು ಬರುತ್ತಾರೆಯೇ ಎನ್ನುವವರು 2024ರ ಬೇಸಿಗೆಯನ್ನು ನೆನಪಿಸಿಕೊಳ್ಳಲಿ. ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯ ದಿನಗಳಲ್ಲಿಯೂ ಬಿಸಿಯೂಟ ನಡೆಯಿತು. ಅನ್ನಕ್ಕಾಗಿ ತೆರೆದ ಬಾಗಿಲು ಅರಿವಿಗಾಗಿಯೂ ತೆರೆಯಬಲ್ಲದು. ಬಿಸಿಲಿನ ಚಿಂತೆಯಿದ್ದರೆ ಬೆಳಿಗ್ಗೆ ಏಳರಿಂದ ಹತ್ತೂವರೆಯವರೆಗೆ ನಡೆಸಬಹುದು. ನೆರಳು ಅಳೆಯುವ ಒಂದು ದಿನ ಮಾತ್ರ ಮಧ್ಯಾಹ್ನದವರೆಗೆ ಕಾದರಾಯಿತು. ಕಲಿಸುವವರು ಯಾರು ಎಂದರೆ, ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಮತ್ತೆ ತಂತಿ ಸುತ್ತುವ ಮಿಸ್ತ್ರಿ ಒಂದು ದಿನ ಬರಲಿ, ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡಿ ಪಳಗಿದ ಅಕ್ಕ ಒಂದು ದಿನ ಬರಲಿ. ಮಕ್ಕಳ ಮುಂದೆ ಅವರನ್ನು ಗುರುಗಳೆಂದು ಕರೆದರೆ, ಅವರ ಮಕ್ಕಳು ತಲೆ ಎತ್ತಿ ಕೂರುತ್ತಾರೆ. ಅದೂ ಶಿಕ್ಷಣವೇ.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ನರ್ಸುಗಳಿದ್ದೀರಿ, ರೈತರಿದ್ದೀರಿ, ಅಂಗಡಿ ನಡೆಸುವವರಿದ್ದೀರಿ. ಬೇಸಿಗೆಗೆ ಊರಿಗೆ ಬರುವವರು ಜಾತ್ರೆ, ಮದುವೆಗಳ ನಡುವೆ ಎರಡು ದಿನ ಹೆಚ್ಚು ರಜೆ ಹಾಕಿ ಬನ್ನಿ. ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಮಾರ್ಚ್ ತಿಂಗಳಲ್ಲಿಯೇ ಕಂಡು, "ಹತ್ತು ದಿನ ಅಂಗಳ ಕೊಡಿ ಸರ್, ಮಕ್ಕಳನ್ನು ನಾವು ಕರೆತರುತ್ತೇವೆ" ಎಂದು ಕೇಳಿ. ಹಣ ಕಳಿಸುತ್ತೇವೆ ಎನ್ನುವವರಿಗೆ ನನ್ನ ನಮಸ್ಕಾರ. ಹಣಕ್ಕಿಂತ ನೀವೇ ಬರುವುದು ಮುಖ್ಯ. ತಾಮ್ರದ ತಂತಿ, ಎಣ್ಣೆ, ಕಾಗದದ ಚೀಲ, ಒಂದು ನೆಟ್ಟಗಿನ ಕೋಲು, ಇಷ್ಟನ್ನು ನಾನು ಹೊಂದಿಸುತ್ತೇನೆ. ಏಪ್ರಿಲ್ 30ರಂದು ದೆಹಲಿಯಲ್ಲಿ ನೆರಳು ಅಳೆಯಲು ಒಬ್ಬರು ಬೇಕಾಗಿದ್ದಾರೆ. ಯಾರು ಸಿದ್ಧರಿದ್ದೀರಿ, ತಿಳಿಸಿ.