ಗಣಕಯಂತ್ರದ ನಾಡಿ ನೋಡುವ ಬಗೆ

ಗಣಕಯಂತ್ರವು ನಿಧಾನವಾಯಿತೆಂದರೆ ಮನೆಯಲ್ಲಿ ಮೊದಲು ಹುಟ್ಟುವ ಮಾತು, “ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು” ಎಂಬುದು. ಹತ್ತಾರು ಸಾವಿರ ರೂಪಾಯಿಗಳ ಈ ತೀರ್ಮಾನಕ್ಕೆ ಬರುವ ಮುನ್ನ ಯಂತ್ರದ ಒಳಗೆ ನಡೆಯುತ್ತಿರುವುದೇನೆಂದು ನೋಡುವವರು ವಿರಳ. ನೋಡುವುದಕ್ಕೆ ಸಾಧನಗಳಿಲ್ಲವೆಂದಲ್ಲ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವುಗಳ ದುಡಿಮೆಯನ್ನು ಅಳೆದು ತೋರಿಸುವ ‘ಸಿಸ್ಟಂ ಮಾನಿಟರ್’ ಪ್ರೋಗ್ರಾಂಗಳು ಹೇರಳವಾಗಿವೆ. ಅನೇಕವು ಉಚಿತವಾಗಿಯೇ ದೊರೆಯುತ್ತವೆ. ತೊಡಕಿರುವುದು ಆಯ್ಕೆಯಲ್ಲಿ.

ತೆರೆಯ ಮೂಲೆಯಲ್ಲಿ ಸದಾ ಮಿನುಗುವ ಬಣ್ಣಬಣ್ಣದ ಫಲಕಗಳ ಮೇಲೆ ತರುಣರಿಗೆ ಮೋಹ ಹೆಚ್ಚು. ಅವು ಕಣ್ಣಿಗೆ ಹಬ್ಬವೆಂಬುದನ್ನು ಅಲ್ಲಗಳೆಯಲಾರೆವು. ಆದರೆ ಅಳತೆಯ ಸಾಧನವೆಂದು ನಾವು ಅವನ್ನು ಒಪ್ಪುವುದಿಲ್ಲ. ಚಿಕ್ಕ ಬಟ್ಟಲಿನ ಬಿಸಿನೀರಿನಲ್ಲಿ ತಣ್ಣನೆಯ ಥರ್ಮಾಮೀಟರನ್ನು ಅದ್ದಿದರೆ ನೀರೇ ಕೊಂಚ ತಣಿಯುವುದಷ್ಟೆ? ಹಾಗೆಯೇ ಅಳೆಯುವ ಪ್ರೋಗ್ರಾಂ ಕೂಡ ತಾನು ಅಳೆಯುವ ಪ್ರೊಸೆಸರಿನ ಮೇಲೆಯೇ ಓಡಬೇಕು, ಅದೇ ಮೆಮೊರಿಯಲ್ಲಿಯೇ ನೆಲೆಸಬೇಕು. ಚಿತ್ರ ಬರೆಯುವ ಆಡಂಬರ ಹೆಚ್ಚಿದಷ್ಟೂ ಅದು ಕಬಳಿಸುವ ಪಾಲು ಹೆಚ್ಚು. ಮೊದಲೇ ಬಳಲಿದ ಯಂತ್ರಕ್ಕೆ ಇದು ಗಾಯದ ಮೇಲೆ ಬರೆ.

ಇನ್ನೊಂದು ಸಂಗತಿಯುಂಟು. ಪ್ರೊಸೆಸರಿನ ಒಂದು ಕೋರ್ ಒಂದು ಕ್ಷಣದಲ್ಲಿ ದುಡಿಯುತ್ತಿರುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಶೇಕಡ 40ರಷ್ಟು ದುಡಿಯುವುದೆಂಬುದಿಲ್ಲ. ನಾವು ಕಾಣುವ ಅಂಕಿಯು ಒಂದು ಅವಧಿಯ ಸರಾಸರಿ. ಅವಧಿ ಅರ್ಧ ಸೆಕೆಂಡಾದರೆ ಗೆರೆ ಕುಣಿಯುತ್ತದೆ; ನಾಲ್ಕು ಸೆಕೆಂಡಾದರೆ ಅದೇ ದುಡಿಮೆ ಶಾಂತವಾಗಿ ತೋರುತ್ತದೆ. ಅವಧಿಯನ್ನು ಬದಲಿಸಲು ಬಿಡದ, ಕಳೆದ ಒಂದು ನಿಮಿಷದ ಗೆರೆಯನ್ನಾದರೂ ಉಳಿಸದ ಫಲಕವು ಎಷ್ಟು ಅಂದವಾಗಿದ್ದರೇನು?

ಕೆಲಸವು ಯಂತ್ರದ ಯಾವ ಭಾಗಕ್ಕಾಗಿ ಕಾದು ನಿಂತಿದೆ, ಕಾಯಿಸುತ್ತಿರುವ ಪ್ರೋಗ್ರಾಂ ಯಾವುದು, ಇವೆರಡನ್ನು ಸಾಧನವು ಹೆಸರು ಹೇಳಿ ತಿಳಿಸಬೇಕು. ಪ್ರೊಸೆಸರ್ ಶೇಕಡ 10ರಷ್ಟೇ ದುಡಿಯುತ್ತಿದ್ದು, ಡಿಸ್ಕ್ ಮಾತ್ರ 100ಕ್ಕೆ ಏರಿ ನಿಂತಿರುವುದು ಹಳೆಯ ಯಂತ್ರಗಳಲ್ಲಿ ಅಪರೂಪದ ದೃಶ್ಯವಲ್ಲ. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಆ ತಲೆಯು ಸರಿಯಾದ ಪಥಕ್ಕೆ ಸರಿಯಲು ಮತ್ತಷ್ಟು ಹೊತ್ತು. ಅಲ್ಲಲ್ಲಿ ಚದುರಿದ ಮಾಹಿತಿಯಾದರೆ ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯು ಅದೇ ಅವಧಿಯಲ್ಲಿ ಸಾವಿರಾರು ಸಲ ಓದಬಲ್ಲುದು. ಇಂತಹ ಯಂತ್ರಕ್ಕೆ ಡಿಸ್ಕನ್ನು ಬದಲಿಸಿದರೆ ಸಾಕು. ತಂದೆತಾಯಿಗಳ ಹಣ ಉಳಿಯಿತು. ಪ್ರೊಸೆಸರನ್ನು ಮಾತ್ರ ತೋರಿಸುವ ಸಾಧನದಿಂದ ಈ ಸತ್ಯ ಹೊರಬೀಳದು.

ಮೆಮೊರಿಯ ವಿಷಯದಲ್ಲಂತೂ ಗಾಬರಿಯೇ ಹೆಚ್ಚು. ಖಾಲಿ ಎಂಬ ಅಂಕಿ ಚಿಕ್ಕದಾದೊಡನೆ ಮೆಮೊರಿಯನ್ನು ಶುಚಿಗೊಳಿಸುವ ಪ್ರೋಗ್ರಾಂಗಳನ್ನು ಹುಡುಕುವವರುಂಟು. ಆಪರೇಟಿಂಗ್ ಸಿಸ್ಟಂ ಬಿಡುವಾಗಿರುವ ಮೆಮೊರಿಯಲ್ಲಿ ಡಿಸ್ಕಿನಿಂದ ತಂದ ಮಾಹಿತಿಯನ್ನು ಕೂಡಿಟ್ಟಿರುತ್ತದೆ. ಬೇರೆ ಪ್ರೋಗ್ರಾಂ ಕೇಳಿದಾಗ ಆ ಜಾಗವನ್ನು ಬಿಟ್ಟುಕೊಡುತ್ತದೆ. ಅದನ್ನು ಬಲವಂತವಾಗಿ ಗುಡಿಸಿಹಾಕಿದರೆ ಮತ್ತೆ ಡಿಸ್ಕಿಗೇ ಓಡಬೇಕಾಗುವುದು. ನೋಡತಕ್ಕದ್ದು ‘ಅವೈಲಬಲ್’ ಎಂಬ ಅಂಕಿಯನ್ನು. ಲಿನಕ್ಸ್ ಕರ್ನಲ್ ಇದನ್ನು 2014ರಲ್ಲಿ ಪ್ರತ್ಯೇಕವಾಗಿ ಲೆಕ್ಕಹಾಕಿ ಕೊಡಲಾರಂಭಿಸಿತು.

ಹೀಗಿರುವಲ್ಲಿ ನಮ್ಮ ಒಲವು ಯಂತ್ರದೊಡನೆಯೇ ಬರುವ ಸಾಧನಗಳ ಕಡೆಗೆ. ವಿಂಡೋಸ್ ಬಳಸುವವರಿಗೆ 1996ರ ಎನ್‌ಟಿ 4.0ರ ಕಾಲದಿಂದ ನಡೆದುಬಂದ ಟಾಸ್ಕ್ ಮ್ಯಾನೇಜರ್ ಧಾರಾಳವಾಗಿ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. 2012ರ ವಿಂಡೋಸ್ 8ರಿಂದ ಯಾವ ಪ್ರೋಗ್ರಾಂ ಡಿಸ್ಕನ್ನು ಎಷ್ಟು ದುಡಿಸುತ್ತಿದೆಯೆಂಬುದನ್ನೂ ತೋರಿಸುತ್ತದೆ. ಲಿನಕ್ಸಿನವರಿಗೆ, 1984ರಲ್ಲಿ ಯುನಿಕ್ಸಿಗಾಗಿ ಮೊದಲು ರಚಿತವಾದ ‘ಟಾಪ್’ನ ಕುಲಕ್ಕೆ ಸೇರಿದ ಪ್ರೋಗ್ರಾಂಗಳಿವೆ. ಬರಿಯ ಅಕ್ಷರಗಳಿಂದ ತುಂಬಿದ ಅದರ ತೆರೆ ನೀರಸವೆನಿಸಬಹುದು. ಆದರೂ ಡಿಸ್ಕಿಗಾಗಿ ಕಾದು ಕಳೆದ ಕಾಲವನ್ನು ಅದು ಬೇರೆಯಾಗಿಯೇ ತೋರಿಸುತ್ತದೆ.

ಬೇರೊಂದು ಸಾಧನವನ್ನು ಹುಡುಕಲು ನಾವು ಒಪ್ಪುವ ಕಾರಣವೆಂದರೆ ಶಾಖ. ಧೂಳು ತುಂಬಿ ಗಾಳಿಯಾಡದಿದ್ದಾಗ ಪ್ರೊಸೆಸರ್ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಈ ಸಂಶಯ ಬಂದರೆ ಉಷ್ಣತೆಯನ್ನು ತೋರಿಸುವ ಚಿಕ್ಕ ಪ್ರೋಗ್ರಾಂ ಒಂದನ್ನು ಹಾಕಿಕೊಂಡು ನೋಡಬಹುದು. ಅಂಕಿ ಏರಿದ್ದರೆ ವಿದ್ಯುತ್ ಸಂಪರ್ಕವನ್ನು ಕಳಚಿ, ಪೆಟ್ಟಿಗೆಯನ್ನು ಬಿಚ್ಚಿ, ಧೂಳನ್ನು ತೆಗೆಯಬೇಕು.