ಹಾಳುಮನೆಯ ಮಣ್ಣಿನಲ್ಲಿ ಉಳಿದ ಲೋಹ
ಶೃಂಗೇರಿ ಪಕ್ಕದ ಮೆಣಸೆಯಿಂದ ಕೊಪ್ಪ, ನರಸಿಂಹರಾಜಪುರದ ಕಡೆ ಹೋದರೆ ಜನ ಬಿಟ್ಟುಹೋದ ಮನೆಗಳ ನೆಲೆಗಟ್ಟು ಅಲ್ಲಲ್ಲಿ ಕಾಣುತ್ತದೆ: ಪಾಚಿ ಹಿಡಿದ ಕಲ್ಲಿನ ಅಡಿಪಾಯ, ಬಿರುಕುಬಿಟ್ಟ ತುಳಸಿಕಟ್ಟೆ, ಪೊದೆ ಮುಚ್ಚಿದ ಬಾವಿ. ಮಾಡು, ಮರಮುಟ್ಟು ಮಳೆಗೆ ಕರಗಿದರೂ ಬಾಗಿಲ ಚಿಲಕ, ಮುರಿದ ಕತ್ತಿ, ಎತ್ತಿನ ಕೊರಳ ಗಂಟೆ, ಸವೆದ ತಾಮ್ರದ ಕಾಸು ಮಣ್ಣಿನಡಿ ಉಳಿಯಬಲ್ಲವು. ಗೆಳೆಯರು ಜೊತೆಗೂಡಿ ಮೆಟಲ್ ಡಿಟೆಕ್ಟರ್ ಹಿಡಿದು ಇಂಥವನ್ನು ಹುಡುಕುವುದು ಇಂಗ್ಲೆಂಡಿನಲ್ಲಿ ದೊಡ್ಡ ಹವ್ಯಾಸ. ಅಲ್ಲಿನ ಸಫೋಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ 1992ರಲ್ಲಿ ಎರಿಕ್ ಲಾಸ್ ಎಂಬವರು ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕಲು ಹೋಗಿ ರೋಮನ್ ಕಾಲದ ಸುಮಾರು 15,000 ನಾಣ್ಯಗಳ ನಿಧಿ ಕಂಡರು. ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ್ದರಿಂದ ಯಾವ ವಸ್ತು ಎಲ್ಲಿ, ಹೇಗೆ ಇತ್ತೆಂಬುದೂ ದಾಖಲಾಯಿತು. ನಿಧಿಯ ಜೊತೆ ಸುತ್ತಿಗೆಯೂ ಬ್ರಿಟಿಷ್ ಮ್ಯೂಸಿಯಂ ಸೇರಿತು. ನಮ್ಮ ಮಲೆನಾಡಿನಲ್ಲಿ ಮೊದಲ ತೊಡಕು ಮಣ್ಣಿನದೇ. ಡಿಟೆಕ್ಟರಿನ ಸುರುಳಿಯ ಕಾಂತಕ್ಷೇತ್ರ ಲೋಹದಲ್ಲಿ ಹುಟ್ಟಿಸುವ ವಿದ್ಯುತ್ತನ್ನು ಗುರುತಿಸಿ ಯಂತ್ರ ಕೂಗುತ್ತದೆ. ಕಬ್ಬಿಣದಂಶ ಹೆಚ್ಚಿರುವ ಜಂಬಿಟ್ಟಿಗೆ ನೆಲದಲ್ಲಿ ಏನೂ ಇಲ್ಲದೆಯೂ ಕೂಗೀತು. ಎರಡನೆಯದು ಕಾನೂನು. ಕರ್ನಾಟಕಕ್ಕೆ 1962ರಿಂದಲೇ ನಿಧಿ ಕಾಯ್ದೆಯಿದೆ. ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಭದ್ರಾ ಅಭಯಾರಣ್ಯದಿಂದ 2001-02ರ ಹೊತ್ತಿಗೆ ಸ್ಥಳಾಂತರಗೊಂಡ ಹಳ್ಳಿಗಳ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ನಿಧಿಯಾಸೆಗೆ ಗರ್ಭಗುಡಿ, ವೀರಗಲ್ಲುಗಳ ಬುಡ ಅಗೆದವರು ನಾಡಿನ ಚರಿತ್ರೆಗೆ ಮಾಡಿದ ಹಾನಿ ಸಣ್ಣದಲ್ಲ. ಹಾಳುಮನೆಯಲ್ಲಿ ಹಳೆಯದೇನಾದರೂ ಕಣ್ಣಿಗೆ ಬಿದ್ದರೆ ಅಗೆಯದೆ ಜಾಗದ ಫೋಟೊ ತೆಗೆದು ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ಆ ಮನೆಯಲ್ಲಿ ಬಾಳಿದ ಹಿರಿಯರಿದ್ದರೆ ಅಡುಗೆಮನೆ, ಕೊಟ್ಟಿಗೆ ಎಲ್ಲೆಲ್ಲಿ ಇದ್ದವೆಂದು ಈಗಲೇ ಕೇಳಿ ಬರೆದುಕೊಳ್ಳಬೇಕು.