ನಿಲ್ಲಲಾರದ ಬಂಡಿಗೆ ಎಂಥ ಚೆಲುವು?

"ಮೇಷ್ಟ್ರೇ, ತಾವೇ ಹೀಗೆ ಮಾಡಬಹುದೆ? ಮೈಸೂರಿನ ಆಸ್ತಿಯನ್ನು ಕೆಡಿಸಿಬಿಟ್ಟಿರಲ್ಲ!" ಕಳೆದ ಭಾನುವಾರ ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಯೆಜ್ಡಿಯ ಮುಂದಿನ ಚಕ್ರವನ್ನು ನೋಡಿ ಉದ್ಗರಿಸಿದ. ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಬ್ರೇಕ್ ಹಾಕಿಸಿದ್ದೇ ನನ್ನ ಅಪರಾಧ. ಅವನಂತೆ ಯೋಚಿಸುವವರು ನಿಮ್ಮಲ್ಲಿ ಇನ್ನೂ ಹಲವರಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಆ ಬಂಡಿಯ ಹಿರಿಮೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೆಕೊಸ್ಲೊವಾಕಿಯಾದ ಜಾವಾ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಮ್ಮವರ ಕೈಯಲ್ಲಿ ಯೆಜ್ಡಿಯಾಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದಾಗ ಮನೆಯವರನ್ನು ಕಳೆದುಕೊಂಡಂತೆ ನೊಂದವನು ನಾನು. ಅದರ ಜೋಡಿ ಸೈಲೆನ್ಸರುಗಳ ಸದ್ದು ಕೇಳಿಯೇ ನೀವು ತರಗತಿಯಲ್ಲಿ ಗಲಾಟೆ ನಿಲ್ಲಿಸುತ್ತಿದ್ದಿರೆಂಬುದೂ ನನಗೆ ಗೊತ್ತು.

ಆದರೆ ಕಳೆದ ಮಳೆಗಾಲದ ಒಂದು ಸಂಜೆಯನ್ನು ನಾನು ಮರೆಯಲಾರೆ. ನವರಂಗ್ ಚಿತ್ರಮಂದಿರದ ಬಳಿ ಮುಂದಿದ್ದ ಹೊಸ ಬೈಕು ಥಟ್ಟನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಬಂಡಿ ನಿಲ್ಲಲಿಲ್ಲ. ಪಕ್ಕಕ್ಕೆ ಹೊರಳಿಸಿದೆ; ಅಲ್ಲಿ ಶಾಲೆಯ ಚೀಲ ಹೊತ್ತ ಹುಡುಗಿಯೊಬ್ಬಳು ರಸ್ತೆ ದಾಟುತ್ತಿದ್ದಳು. ನನ್ನ ಹ್ಯಾಂಡಲ್ ಅವಳ ಕೊಡೆಗೆ ತಾಗಿ ನಿಂತಿತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ, ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿದ ನಾನು ಯಾವ ಮುಖವಿಟ್ಟುಕೊಂಡು ಬದುಕುತ್ತಿದ್ದೆ?

"ಡ್ರಮ್ಮನ್ನು ಸರಿಯಾಗಿ ನೋಡಿಕೊಂಡರೆ ಸಾಕು" ಎನ್ನುವಿರಿ. ಒಂದು ತಿಂಗಳ ಹಿಂದಷ್ಟೇ ಹೊಸ ಶೂ ಹಾಕಿಸಿ ಕೇಬಲ್ ಬಿಗಿ ಮಾಡಿಸಿದ್ದೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಹಿಡಿತ ತಗ್ಗುತ್ತದೆ, ಒಣಗಲು ಹೊತ್ತು ಬೇಕು. ತೆರೆದ ಡಿಸ್ಕಾದರೋ ತಿರುಗುತ್ತಲೇ ನೀರನ್ನು ಚಿಮ್ಮಿಸಿಬಿಡುತ್ತದೆ. ಮೇಲಾಗಿ ಟೂ-ಸ್ಟ್ರೋಕ್ ಎಂಜಿನ್ನು ತಾನಾಗಿ ಬಂಡಿಯನ್ನು ತಡೆಯುವುದು ಅತ್ಯಲ್ಪ. ಭಾರವೆಲ್ಲ ಬ್ರೇಕಿನ ಮೇಲೆಯೇ.

"ಡಿಸ್ಕ್ ಆ ಕಾಲಕ್ಕೆ ಸಲ್ಲದು" ಎಂಬುದೂ ಪೊಳ್ಳು ವಾದ. ಹೋಂಡಾ ಸಿಬಿ750 ಡಿಸ್ಕ್ ಬ್ರೇಕಿನೊಂದಿಗೆ ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ಇನ್ನು ರಸ್ತೆಯಂತೂ ಅಂದಿನದಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅವುಗಳ ಬೆನ್ನಿಗೇ ನಾವು ಓಡಿಸಬೇಕು.

ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಹಳೆಯ ಫೋರ್ಕಿಗೆ ತುಂಡು ಕಬ್ಬಿಣ ಬೆಸೆದು ಕ್ಯಾಲಿಪರ್ ನೇತುಹಾಕುವುದು ಆತ್ಮಹತ್ಯೆಗೆ ಸಮ. ನಾನು ಫೋರ್ಕ್, ಚಕ್ರ, ಬ್ರೇಕ್ ಮೂರನ್ನೂ ಒಟ್ಟಿಗೆ ಬದಲಿಸಿದ್ದೇನೆ. ಚಾಸಿಗೆ ಗರಗಸ ತಾಗಿಸಿಲ್ಲ. ಬದಲಾವಣೆಗಳ ಬಗ್ಗೆ ಕಾನೂನಿನ ಕಟ್ಟುಪಾಡುಗಳಿವೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಸ್ಪ್ಯಾನರ್ ಹಿಡಿಯಬೇಡಿ. ಕಳಚಿದ ಭಾಗಗಳೆಲ್ಲ ಎಣ್ಣೆ ಸವರಿಸಿಕೊಂಡು ಅಟ್ಟದ ಮೇಲೆ ಭದ್ರವಾಗಿವೆ. ನನ್ನ ನಂತರ ಬಯಸಿದವರು ಮತ್ತೆ ಜೋಡಿಸಿಕೊಳ್ಳಲಿ.

ಪ್ರದರ್ಶನಕ್ಕಿಡುವವರು ಮೂಲದಂತೆಯೇ ಇಡಲಿ, ನನ್ನ ತಕರಾರಿಲ್ಲ. ಮಕ್ಕಳು ಓಡಾಡುವ ಬೀದಿಗೆ ಇಳಿಸುವವನು ಮಾತ್ರ ಮೊದಲು ನಿಲ್ಲಿಸುವುದನ್ನು ಕಲಿಯಬೇಕು. ಇಷ್ಟಾದರೂ ನಾನು ತಪ್ಪೆನಿಸಿದರೆ ಅವಶ್ಯ ಬರೆಯಿರಿ. ಕಾಗುಣಿತದ ತಪ್ಪಿಗೆ ಮಾತ್ರ ಅಂಕ ಕಳೆಯುತ್ತೇನೆ.